ಸಾಧು ಎತ್ತು

"ಅಜ್ಜಾರ, ಮಕ್ಕಳನ್ನ ಕರಕೊಂಡು ರಾಶಿ ನಡೆದ ಹೊಲಕ್ಕ ಹೊಂಟೀನ್ರಿ. ಅವರಿಗೆ ಏನೂ ಆಗಬಾರದು ಅಂದ್ರ ನಾ ಏನು ಮಾಡಬೇಕು?"

ಹೀಗೆ ಕೇಳಿದವನು ಅಡಿವೆಪ್ಪ. ಪಟ್ಟಣದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಕೂತು ಮಾಡುವ ಕೆಲಸ, ಹೊಲದ ಬದುಕು ಕಂಡವನಲ್ಲ. ಅವನ ಹೆಂಡತಿಯ ಅಣ್ಣನ ಊರಿನಲ್ಲಿ ಜೋಳದ ರಾಶಿ, ಅಂದರೆ ಒಕ್ಕಣೆ, ನಡೆದಿತ್ತು. ಹೆಂಡತಿ, ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಭಾನುವಾರ ಅಲ್ಲಿಗೆ ಹೋಗುವವನಿದ್ದ. ಹೋಗುವ ಮೊದಲು ಮಠದ ಗುರುಗಳಿಗೆ ನಮಸ್ಕಾರ ಮಾಡೋಣವೆಂದು ಬಂದಿದ್ದ. ಆ ಗುರುಗಳನ್ನು ಊರವರೆಲ್ಲ ಅಜ್ಜಾರ ಎಂದೇ ಕರೆಯುತ್ತಿದ್ದರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವುದು ಅವರ ಜಾಯಮಾನವಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು.

"ನೀ ಈಗ ಏನೇನು ಮಾಡೀದಿ, ಅದನ್ನ ಮೊದಲ ಹೇಳು" ಎಂದರು ಗುರುಗಳು.

"ಹೆಂಡತಿ ಅಣ್ಣನ್ನ ಎಲ್ಲಾ ಕೇಳಿಕೊಂಡು ಬಂದೀನ್ರಿ. ಬಾವಿಗೆ ಕಟ್ಟೆ ಐತಿ. ನಾಯಿ ಕಟ್ಟಿ ಹಾಕ್ತಾರ. ಬೆಳಿಗೆ ಹೊಡಿಯೋ ಎಣ್ಣಿ ಕೀಲಿ ಹಾಕಿದ ಕೋಣ್ಯಾಗ ಇರ್ತೈತಿ. ಕುಡಗೋಲು ಮ್ಯಾಲ ಸಿಗಿಸಿ ಇಡ್ತಾರ."

"ಭೇಷ್. ಎತ್ತು?"

"ಎತ್ತು ಭಾಳ ಸಾಧು ಅದಾವಂತ್ರಿ."

ಗುರುಗಳು ನಕ್ಕರು. "ಮಂದಿ ನನಗೂ ಸಾಧು ಅಂತಾರ. ನೀ ಕುಂದ್ರು."

ಅಡಿವೆಪ್ಪ ಕುಳಿತ. ಗುರುಗಳು ಅವನಿಗೆ ಹೇಳಿದ ಕತೆ ಇದು.

ಒಬ್ಬ ರೈತನಿದ್ದ. ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ರೈತನ ಮಗನಿಗೂ ವ್ಯಾಪಾರಿಯ ಹಿರಿಯ ಮಗಳಿಗೂ ಮದುವೆ ನಿಶ್ಚಯವಾಗಿತ್ತು. ಹೀಗಾಗಿ ಇಬ್ಬರೂ ಬೀಗರಾಗಿದ್ದರು. ಹೊಸ ಬೀಗರ ಮರ್ಯಾದೆ ಎಂಥದು ಎಂಬುದು ಮಕ್ಕಳ ಮದುವೆ ಮಾಡಿದವರಿಗೆ ಗೊತ್ತು. ಊಟಕ್ಕೆ ಕುಳಿತವರಿಗೆ ಸಾಕು ಎನ್ನಲು ಸಂಕೋಚ, ಬಡಿಸುವವರಿಗೆ ಕೈ ನಿಲ್ಲಿಸಲು ಸಂಕೋಚ. ಸಾರಿಗೆ ಉಪ್ಪು ಬಿದ್ದಿರದಿದ್ದರೂ ಯಾರೂ ಹೇಳುವುದಿಲ್ಲ. ಎಲ್ಲರೂ ಚೆನ್ನಾಗಿದೆ ಎನ್ನುತ್ತ ಉಣ್ಣುತ್ತಾರೆ. ಬೀಗರಿಗೆ ಇದು ಮಾಡಬೇಡಿ, ಅಲ್ಲಿ ಹೋಗಬೇಡಿ ಎನ್ನುವುದಂತೂ ದೂರದ ಮಾತು.

ರಾಶಿಯ ಕಾಲ ಬಂತು. ರೈತ ವ್ಯಾಪಾರಿಗೆ ಹೇಳಿ ಕಳಿಸಿದ: ಮನೆಮಂದಿಯನ್ನೆಲ್ಲ ಕರೆದುಕೊಂಡು ಬನ್ನಿ, ಹೊಲ ನೋಡಿ, ಕಣದಲ್ಲೇ ಊಟ ಮಾಡೋಣ. ವ್ಯಾಪಾರಿ ತನ್ನ ತಾಯಿ, ಹೆಂಡತಿ ಮತ್ತು ಕಿರಿಯ ಮಗಳನ್ನು ಕರೆದುಕೊಂಡು ಬಂದ. ಹಿರಿಯ ಮಗಳು ಬರಲಿಲ್ಲ. ಮದುವೆಗೆ ಮೊದಲು ಅವಳು ಆ ಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ.

ಕಿರಿಯ ಮಗಳ ಹೆಸರು ಶಿವಲೀಲೆ. ಆರು ವರ್ಷ. ಈ ಹುಡುಗಿಗೆ ಒಂದು ಆಟವಿತ್ತು. ಯಾರಾದರೂ ತಮ್ಮ ಪಾಡಿಗೆ ತಾವಿದ್ದಾಗ ಸದ್ದಿಲ್ಲದೆ ಹಿಂದಿನಿಂದ ಬರುವುದು, ತಟ್ಟನೆ ತಬ್ಬಿಕೊಳ್ಳುವುದು. ತಂದೆ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿರುವಾಗ ಬಂದು ತಬ್ಬಿಕೊಂಡರೆ ಅಳತೆ ತಪ್ಪುತ್ತಿತ್ತು. ಅಜ್ಜಿ ಹಾಲು ಇಳಿಸುತ್ತಿರುವಾಗ ತಬ್ಬಿಕೊಂಡರೆ ಅರ್ಧ ಹಾಲು ಒಲೆಗೆ ಹೋಗುತ್ತಿತ್ತು. ಬೆಚ್ಚಿ ಬೀಳುವುದು ಆ ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ತಂದೆಗೆ ಅದು ಮುದ್ದು. ಕಳ್ಳಿ ಬಂದಳು ನೋಡು ಎಂದು ನಗುತ್ತಿದ್ದ. ಪ್ರೀತಿಯಿಂದ ಮಾಡುವ ಆಟ. ಬೈಯುವುದಾದರೂ ಹೇಗೆ?

ಅವರು ಬಂದಾಗ ಕಣದಲ್ಲಿ ಕೆಲಸ ಜೋರಾಗಿ ನಡೆದಿತ್ತು. ಎರಡು ಎತ್ತುಗಳು ತೆನೆಯ ಮೇಲೆ ಕಾಳು ಬಿಡಿಸುವ ರೋಣಗಲ್ಲು ಎಳೆಯುತ್ತ ಸುತ್ತುತ್ತಿದ್ದವು. ರೈತ ಬೀಗರನ್ನು ಕಂಡು ಎತ್ತು ಬಿಟ್ಟು, ಬೇವಿನ ಮರದ ನೆರಳಿಗೆ ಕಟ್ಟಿ, ಕೈಕಾಲು ತೊಳೆದು ಬಂದ. ಬೀಗರನ್ನು ಹೊಲವೆಲ್ಲ ತಿರುಗಾಡಿಸಿದ. ಬಾವಿ ತೋರಿಸಿದ, ಮೇವಿನ ಬಣವೆ ತೋರಿಸಿದ. ವ್ಯಾಪಾರಿ ಜವಾಬ್ದಾರಿಯುಳ್ಳ ತಂದೆ. ಬಾವಿಯ ಹತ್ತಿರ ಮಗಳ ಕೈ ಹಿಡಿದುಕೊಂಡ. ಬಣವೆ ಏರಲು ಬಿಡಲಿಲ್ಲ. ಕೊನೆಗೆ ಬೇವಿನ ಮರದ ಹತ್ತಿರ ಬಂದಾಗ ಎತ್ತುಗಳನ್ನು ನೋಡಿ ನಿಂತ.

"ಎತ್ತು ಹಾಯೂದಿಲ್ಲಲ್ರಿ, ಬೀಗರ?"

"ಛೆ ಛೆ! ಈ ಮಲ್ಲ ನಮ್ಮ ಮನಿಗೆ ಬಂದು ಹದಿಮೂರು ವರ್ಷ ಆತು. ಒಮ್ಮೆ ಕೋಡು ಬೀಸಿಲ್ಲ, ಒಮ್ಮೆ ಕಾಲು ಎತ್ತಿಲ್ಲ. ಭಾಳ ಸಾಧು ಐತ್ರಿ."

ವ್ಯಾಪಾರಿಗೆ ಸಮಾಧಾನವಾಯಿತು. ಒಳ್ಳೆಯ ಮಾತಿಗೆ ಒಳ್ಳೆಯ ಮಾತು ಸೇರಿಸಬೇಕಲ್ಲ. ಮಗಳ ತಲೆ ಸವರಿ, "ನಮ್ಮ ಶಿವಲೀಲಾನೂ ಹಂಗ ರೀ. ಭಾಳ ಸಾಧು. ಮನ್ಯಾಗ ಇದ್ದದ್ದ ಗೊತ್ತಾಗಂಗಿಲ್ಲ" ಎಂದ. ಬೀಗರಿಬ್ಬರೂ ನಕ್ಕು ಊಟಕ್ಕೆ ಹೋದರು.

ಇಲ್ಲಿ ಗುರುಗಳು ಕತೆ ನಿಲ್ಲಿಸಿ ಅಡಿವೆಪ್ಪನ ಕಡೆ ಬೆರಳು ತೋರಿಸಿದರು. "ರೈತ ಹೇಳಿದ್ರಾಗ ಒಂದು ಅಕ್ಷರ ಸುಳ್ಳ ಇರಲಿಲ್ಲ. ಇದನ್ನ ತಲ್ಯಾಗ ಇಟ್ಟುಕೊ. ಸುಳ್ಳ ಹೇಳಿದ್ರ ಕತಿ ಸಣ್ಣದಾಗ್ತಿತ್ತು, ನಾ ನಿನ್ನ ಇಷ್ಟೊತ್ತು ಕೂಡಿಸಿಕೊತಿರಲಿಲ್ಲ." ಮತ್ತೆ ಮುಂದುವರಿಸಿದರು.

ಊಟವಾಯಿತು. ದೊಡ್ಡವರು ಎಲೆ ಅಡಿಕೆ ಹಾಕಿಕೊಂಡು ಮದುವೆಯ ದಿನದ ಮಾತಿಗೆ ಕುಳಿತರು. ಹುಡುಗಿಗೆ ಆ ಮಾತು ಬೇಸರ ತಂದಿತು. ಮಲ್ಲ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತ ನಿಂತಿದ್ದ. ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ಕಾಲಿನ ಗೆಜ್ಜೆ ಸದ್ದಾಗದಂತೆ ಒಂದೊಂದೇ ಹೆಜ್ಜೆ ಇಟ್ಟು ಹಿಂದಿನಿಂದ ಹೋದಳು. ಎರಡೂ ಕೈಯಿಂದ ಎತ್ತಿನ ಹಿಂಗಾಲನ್ನು ತಬ್ಬಿಕೊಂಡಳು.

ತಬ್ಬಿಕೊಂಡದ್ದು ಮಗು ಎಂದು ಎತ್ತಿಗೆ ಗೊತ್ತಿರಲಿಲ್ಲ. ಕಾಲನ್ನು ಏನೋ ಹಿಡಿಯಿತು ಎಂದಷ್ಟೇ ಗೊತ್ತು. ಝಾಡಿಸಿ ಒದೆಯಿತು.

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಬಿದ್ದ ಕಡೆಯೇ ಬಾಯಿ ತೆರೆದು ಉಸಿರಿಗಾಗಿ ಒದ್ದಾಡಿದಳು, ಆಮೇಲೆ ಕಣ್ಣು ಮೇಲಕ್ಕೆ ಹೋದವು. ತಾಯಿ ಚೀರಿದಳು. ವ್ಯಾಪಾರಿ ಕುಳಿತಲ್ಲಿಂದ ಏಳಲಾರದೆ ಹೋದ. ರೈತನೇ ಮಗುವನ್ನು ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಮೂಳೆ ಕಟ್ಟುವವರ ಮನೆಗೆ ಓಡಿದ. ಮನೆ ಪಕ್ಕದ ಊರಿನಲ್ಲಿತ್ತು. ದಾರಿಯುದ್ದಕ್ಕೂ ಮಗುವಿನ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

ಮೂಳೆ ಕಟ್ಟುವ ಹಿರಿಯ ಮುಟ್ಟಿ ನೋಡಿದ. ಎಡಗಡೆ ಕೊರಳೆಲುಬು ಮುರಿದಿತ್ತು. ಔಷಧಿ ಅರೆದು ಹಚ್ಚಿ ಪಟ್ಟಿ ಕಟ್ಟಿದ. ಮಗು ಕಣ್ಣು ತೆರೆದು ಅವ್ವಾ ಎಂದಿತು. ಆಗ ಆ ಹಿರಿಯ, "ಪೆಟ್ಟು ನಾಕು ಬೆರಳು ಕೆಳಗ ಬಿದ್ದಿದ್ರ ನನ್ನ ಹಂತ್ಯಾಕ ತರೂದು ಬೇಕಿರಲಿಲ್ಲ" ಎಂದ. ಇಪ್ಪತ್ತೊಂದು ದಿನ ಮಗುವನ್ನು ಗಾಡಿಯಲ್ಲಿ ಕುಲುಕಾಡಿಸಬಾರದು ಎಂದೂ ಹೇಳಿದ. ಹೀಗಾಗಿ ಮಗು ರೈತನ ಮನೆಯಲ್ಲೇ ಉಳಿಯಬೇಕಾಯಿತು. ತಾಯಿಯೂ ಅಜ್ಜಿಯೂ ಜೊತೆಗೆ ಉಳಿದರು.

ವ್ಯಾಪಾರಿ ಉಳಿಯಲಿಲ್ಲ. ಹೋಗುವಾಗ ರೈತನ ಮುಂದೆ ನಿಂತು ಹೇಳಿದ: "ಎತ್ತು ಸಾಧು ಅಂದ್ರಿ. ನಿಮ್ಮ ಮಗನೂ ಸಾಧು ಅಂದಿದ್ರಿ. ಒಂದು ಮಾತು ಹಿಂಗಾತು. ಇನ್ನೊಂದನ್ನ ನಾ ಹೆಂಗ ನಂಬಲಿ?"

ರೈತ ತಲೆ ತಗ್ಗಿಸಿ ನಿಂತ. ಮದುವೆ ಮುರಿಯಿತೆಂದು ಎರಡೂ ಮನೆಯವರಿಗೆ ತಿಳಿಯಿತು, ಬಾಯಿಬಿಟ್ಟು ಯಾರೂ ಹೇಳಲಿಲ್ಲ ಅಷ್ಟೆ. ರೈತ ಮಲ್ಲನನ್ನು ಮುಂದಿನ ಮಂಗಳವಾರದ ದನದ ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದೆಂದು ನಿಶ್ಚಯಿಸಿದ. ಹದಿಮೂರು ವರ್ಷ ದುಡಿದ ಎತ್ತನ್ನು ಆ ವಯಸ್ಸಿನಲ್ಲಿ ಯಾರು ಕೊಳ್ಳುತ್ತಾರೆ, ಯಾತಕ್ಕೆ ಕೊಳ್ಳುತ್ತಾರೆ ಎಂದು ಅವನಿಗೆ ಗೊತ್ತಿತ್ತು.

ವ್ಯಾಪಾರಿಯ ತಾಯಿ ಮೊಮ್ಮಗಳ ಹಾಸಿಗೆಯ ಪಕ್ಕದ ಕಿಟಕಿಯಲ್ಲಿ ಕುಳಿತಿರುತ್ತಿದ್ದಳು. ಬೀಗರ ಮನೆ, ಒಂದು ಪಾತ್ರೆ ತೊಳೆಯಲೂ ಬಿಡುತ್ತಿರಲಿಲ್ಲ. ಮಗು ನಿದ್ದೆ ಹೋದರೆ ಕಿಟಕಿಯಿಂದ ಅಂಗಳ ನೋಡುವುದು, ಇದೇ ಅವಳ ಕೆಲಸ. ಅಂಗಳದಲ್ಲಿ ಮಲ್ಲನನ್ನು ಕಟ್ಟಿರುತ್ತಿದ್ದರು. ಮೊದಲ ದಿನ ಅವಳು ಅದನ್ನು ಸಿಟ್ಟಿನಿಂದ ನೋಡಿದಳು. ಎರಡನೆಯ ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು.

ರೈತನ ಹೆಂಡತಿ ಸೊಂಟದ ಮೇಲೆ ಸಗಣಿ ಬುಟ್ಟಿ ಇಟ್ಟುಕೊಂಡು, ಹಿತ್ತಲಿಗೆ ನುಗ್ಗಿದ ನೆರೆಮನೆಯ ಕೋಳಿಗಳನ್ನು ಬಾಯಿಗೆ ಬಂದಂತೆ ಬೈಯುತ್ತ ಅಂಗಳ ದಾಟುತ್ತಿದ್ದಳು. ಎತ್ತಿನ ಹಿಂದೆ ಬರುವ ಹೊತ್ತಿಗೆ ಬೈಗುಳ ನಿಂತಿತು. ಮೆಲ್ಲಗೆ, "ಹೋ ಮಲ್ಲಾ" ಎಂದಳು. ಎತ್ತಿನ ಬೆನ್ನ ಮೇಲೆ ಅಂಗೈ ಇಟ್ಟಳು. ಕೈಯನ್ನು ಬೆನ್ನ ಮೇಲೆ ಜಾರಿಸುತ್ತಲೇ ಹಿಂದೆ ಹಾದು ಆಚೆ ಹೋದಳು. ಹೋದ ಮೇಲೆ ಬೈಗುಳವನ್ನು ನಿಲ್ಲಿಸಿದ ಕಡೆಯಿಂದಲೇ ಮತ್ತೆ ಎತ್ತಿಕೊಂಡಳು.

ಅಜ್ಜಿ ನೆಟ್ಟಗೆ ಕುಳಿತಳು. ಅಂದಿನಿಂದ ಅವಳು ಕಿವಿಗೊಟ್ಟು ಕೇಳತೊಡಗಿದಳು. ರೈತ ಮೇವು ಹಾಕಲು ಹೋದಾಗ ಹೋ ಎಂದ. ನೀರು ಕುಡಿಸಲು ಹೋದಾಗ ಹೋ ಎಂದ. ಮದುಮಗನಾಗಬೇಕಿದ್ದ ಹುಡುಗ ಮೋರೆ ಜೋತುಬಿಟ್ಟುಕೊಂಡು ಹಗ್ಗ ಬಿಚ್ಚಲು ಹೋದ. ಆ ದುಃಖದಲ್ಲೂ ಹೋ ಎಂದೇ ಹೋದ. ಹೋ ಎನ್ನದೆ, ಬೆನ್ನ ಮೇಲೆ ಕೈ ಇಡದೆ ಆ ಮನೆಯಲ್ಲಿ ಒಬ್ಬರೂ ಮಲ್ಲನ ಹಿಂದೆ ಹಾಯಲಿಲ್ಲ. ಎತ್ತು ಪ್ರತಿ ಸಲವೂ ಒಂದು ಕಿವಿ ಹಿಂದಕ್ಕೆ ತಿರುಗಿಸಿ, ಬಂದವರು ಯಾರೆಂದು ತಿಳಿದು, ಮೆಲುಕು ಹಾಕುತ್ತ ನಿಲ್ಲುತ್ತಿತ್ತು.

ಸೋಮವಾರ ಬಂತು. ಮರುದಿನ ಸಂತೆ. ರೈತ ಮಲ್ಲನ ಕೊರಳ ಗಂಟೆ ಬಿಚ್ಚಲು ಅಂಗಳಕ್ಕೆ ಬಂದ. ಅಜ್ಜಿ ಬೀಗತನವನ್ನು ಬದಿಗಿಟ್ಟು ಕಿಟಕಿಯಿಂದಲೇ ಕರೆದಳು.

"ಬೀಗರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಎತ್ತಿನ ಹಿಂದ ಹಾಯೂ ಮುಂಚೆ ನೀವು ಹೋ ಅಂತೀರಲ್ಲ, ಯಾಕ?"

"ನಾನಾ? ನಾ ಏನೂ ಅನ್ನಂಗಿಲ್ರೀ ಅವ್ವ."

"ಹಂಗಾದ್ರ ಏನೂ ಅನ್ನದ ಒಮ್ಮೆ ಅದರ ಹಿಂದ ಹಾದು ಬರ್ರಿ, ನೋಡೂಣು."

ಇದರಲ್ಲೇನಿದೆ ಎಂದು ರೈತ ಹೊರಟ. ಎತ್ತಿಗೆ ಇನ್ನೆರಡು ಹೆಜ್ಜೆ ಇರುವಾಗ ಅವನ ಕಾಲು ನಿಂತಿತು. ಮತ್ತೆ ಎತ್ತಿಟ್ಟ. ಕಾಲು ಮುಂದೆ ಹೋಗಲಿಲ್ಲ. ಬಾಯಿ ತಾನಾಗಿಯೇ ತೆರೆಯಿತು. ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. ಬಾಯಿ ಮುಚ್ಚಿಕೊಂಡು ಹಿಂದೆ ಹಾಯಲು ಅವನಿಂದ ಆಗಲೇ ಇಲ್ಲ. ಅವನು ಎಳೆಯವನಿದ್ದಾಗ ಅವನ ಅಪ್ಪ ತಲೆಗೆ ಮೊಟಕಿ ಕಲಿಸಿದ್ದು ಅದು. ಕಲಿತದ್ದು ಮರೆತುಹೋಗಿತ್ತು, ಮಾಡುವುದು ಮಾತ್ರ ಉಳಿದಿತ್ತು.

ರೈತ ಅಲ್ಲೇ ನೆಲದ ಮೇಲೆ ಕುಳಿತು ಗಟ್ಟಿಯಾಗಿ ಅತ್ತ. "ನನಗ ಗೊತ್ತಿತ್ರೀ ಅವ್ವ. ಇಷ್ಟು ವರ್ಷ ಗೊತ್ತಿತ್ತು. ನನಗ ಗೊತ್ತೈತಿ ಅನ್ನೂದ ನನಗ ಗೊತ್ತಿರಲಿಲ್ಲ."

ಅಜ್ಜಿ ಅಂದೇ ಮಗನಿಗೆ ಹೇಳಿ ಕಳಿಸಿದಳು. ಮಗಳಿಗೆ ಏನಾಯಿತೋ ಎಂದು ವ್ಯಾಪಾರಿ ಮರುದಿನ ಬೆಳಗ್ಗೆಯೇ ಎದೆ ಹಿಡಿದುಕೊಂಡು ಬಂದ. ಅಜ್ಜಿ ಅವನಿಗೆ ಏನನ್ನೂ ವಿವರಿಸಲಿಲ್ಲ. ಕಿಟಕಿಯ ಪಕ್ಕ ಕೂರಿಸಿದಳು, ನೋಡುತ್ತಿರು ಎಂದಳು. ಅವನು ಮಧ್ಯಾಹ್ನದವರೆಗೆ ನೋಡಿದ. ಮೇವು ಬಂತು, ನೀರು ಬಂತು, ಸಗಣಿ ಬಾಚಿದ್ದಾಯಿತು. ಪ್ರತಿ ಸಲವೂ ಹೋ ಎಂಬ ಮಾತು ಕೇಳಿಸಿತು. ಕೊನೆಗೆ ಅವನು ಎದ್ದು ಅಂಗಳಕ್ಕೆ ಹೋಗಿ ರೈತನ ಕೈ ಹಿಡಿದುಕೊಂಡ. ಸುಳ್ಳು ಹೇಳಿದಿರಿ ಎಂದುಕೊಂಡಿದ್ದೆ, ತಪ್ಪಾಯಿತು ಎಂದ. ರೈತ, ತಪ್ಪು ನಂದು ಎಂದ. ಮತ್ತೆ ಬೀಗತನ ಶುರುವಾಯಿತು. ತಪ್ಪನ್ನು ನನಗೆ ಕೊಡಿ ನನಗೆ ಕೊಡಿ ಎಂದು ಇಬ್ಬರೂ ಬಹಳ ಹೊತ್ತು ಎಳೆದಾಡಿದರು.

ಎತ್ತು ಸಂತೆಗೆ ಹೋಗಲಿಲ್ಲ. ಇಪ್ಪತ್ತೆರಡನೆಯ ದಿನ ಪಟ್ಟಿ ಬಿಚ್ಚಿದರು. ಎಲುಬು ಕೂಡಿತ್ತು, ಸ್ವಲ್ಪ ಡೊಂಕಾಗಿ. ಮದುವೆ ಹೇಳಿದ ದಿನವೇ ಆಯಿತು. ಶಿವಲೀಲೆ ಅಕ್ಕನ ಮನೆಗೆ ಬಂದಾಗಲೆಲ್ಲ ಮಲ್ಲನ ಹತ್ತಿರ ಹೋಗುತ್ತಿರಲಿಲ್ಲ. ಎಂಟು ಹತ್ತು ಮಾರು ದೂರ ನಿಂತು ಹೋ ಎನ್ನುತ್ತಿದ್ದಳು. ಎತ್ತು ಕಿವಿ ತಿರುಗಿಸುತ್ತಿತ್ತು. ಅವಳಿಗೆ ಅಷ್ಟೇ ಸಾಕಾಗಿತ್ತು.

ಗುರುಗಳು ಕತೆ ಮುಗಿಸಿದರು. ಅಡಿವೆಪ್ಪನ ಮುಖ ಅರಳಿತ್ತು. ಗಡಿಯಾರದ ಹಲ್ಲು ಕೂಡಿಕೊಂಡಾಗ ಅವನ ಮುಖ ಹೀಗೇ ಆಗುತ್ತಿತ್ತು.

"ತಿಳೀತ್ರಿ ಅಜ್ಜಾರ" ಎಂದ. "ಅಪಾಯ ಐತೇನು ಅಂತ ಹೊಲದವರನ್ನ ಕೇಳಿದ್ರ ಸಾಲದು. ಅವರು ಹೆಂಗ ಅಡ್ಡಾಡ್ತಾರ, ಎಲ್ಲಿ ಸರದು ನಿಲ್ತಾರ, ಯಾವುದನ್ನ ಮುಟ್ಟೂ ಮುಂಚೆ ಏನು ಮಾಡ್ತಾರ, ಅದನ್ನ ನೋಡಬೇಕು. ಅವರು ಮಾಡಿದಂಗ ಮಾಡ್ರಿ ಅಂತ ಮಕ್ಕಳಿಗೆ ಹೇಳ್ತೀನಿ. ನಾನೂ ಒಂದು ತಾಸು ಸುಮ್ಮ ಕೂತು ನೋಡ್ತೀನಿ. ಹೆಂಡತಿ ಅಣ್ಣನ ಮ್ಯಾಲ ಎಲ್ಲಾ ಹಾಕೂದಿಲ್ಲ."

"ಚಲೋ ಮಾತು" ಎಂದರು ಗುರುಗಳು.

ಅಡಿವೆಪ್ಪ ನಮಸ್ಕಾರ ಮಾಡಿದ. ಚೀಲ ಹೆಗಲಿಗೆ ಹಾಕಿಕೊಂಡ. ಬಂದಾಗ ಇದ್ದ ಅಂಜಿಕೆ ಈಗ ಇರಲಿಲ್ಲ. ಬಾಗಿಲ ತನಕ ಹೋಗಿದ್ದ, ಗುರುಗಳು ಹಿಂದಿನಿಂದ ಕರೆದರು.

"ಅಡಿವೆಪ್ಪ, ಅವರ ಎತ್ತಿನ ಗುಣ ಕೇಳಿಕೊಂಡು ಬಂದಿ, ನಿನ್ನ ಮಕ್ಕಳ ಗುಣ ಅವರಿಗೆ ಹೇಳಿ ಬಂದಿ ಏನು?"

ಅಡಿವೆಪ್ಪ ತಿರುಗಿ ನಿಂತ. ಹೆಗಲ ಚೀಲ ಇಳಿಸಿ, ಮಗನ ಚಾಳಿ, ಮಗಳ ಚಾಳಿ ಎಂದು ಬೆರಳು ಮಡಚಿ ಎಣಿಸತೊಡಗಿದ.